ನೃತ್ಯಾಚಾರ್ಯ ಪೆಟಿಪಾ

ಪುದುಚೇರಿಯ ಸಮೀಪದ ತಿರುವೆಂದಿಪುರದಿಂದ ಹೊರಟ ಒಂದು ಸಣ್ಣ ಮೇಳವು 1838ನೆಯ ಇಸವಿಯಲ್ಲಿ ಹಡಗನ್ನೇರಿ ಫ್ರಾನ್ಸ್ ದೇಶವನ್ನು ಸೇರಿತು. ದೇವಸೇವೆಯ ನರ್ತಕಿಯರು ಐವರು, ಹಿಮ್ಮೇಳದವರು ಮೂವರು. ಅವರನ್ನು ಕರೆದೊಯ್ದವನು ಒಬ್ಬ ಫ್ರೆಂಚ್ ವ್ಯವಹಾರಸ್ಥ. ಪ್ಯಾರಿಸ್ ಪಟ್ಟಣದ ನಾಟಕಶಾಲೆಯಲ್ಲಿ ಅವರ ಆಟಗಳು ನಡೆದುವು. ಕವಿಯೂ ವಿಮರ್ಶಕನೂ ಆದ ತೆಯೋಫೀಲ್ ಗೋತಿಯೇ ಎಂಬವನು ಅವರನ್ನು ಕಂಡು ಮುಗ್ಧನಾಗಿ, ಅಮ್ಮಣಿ ಎಂಬ ನರ್ತಕಿಯ ಚೆಲುವನ್ನು ಪತ್ರಿಕೆಯಲ್ಲಿ ವಿಸ್ತಾರವಾಗಿ ವರ್ಣಿಸಿದನು. ಶಿಲ್ಪಿಯೊಬ್ಬನು ಅವಳ ಪುಟ್ಟ ವಿಗ್ರಹವನ್ನೇ ಮಾಡಿದನು. ಅದುವರೆಗೆ ಯೂರೋಪಿನ ಜನಕ್ಕೆ ‘ಬಯಾದೇರ್’ ಎಂಬುದು ಬರಿಯ ಹೆಸರಾಗಿತ್ತು. ಕುಣಿಯುವವಳು ಎಂಬ ಅರ್ಥದ ಪೋರ್ಚುಗೀಸ್ ಮಾತು ಫ್ರೆಂಚರ ಬಾಯಲ್ಲಿ ಹೀಗೆ ತಿರುಗಿ, ಮೊದಲು ಗಯಟೆಯ ಕಥನಕವನದ ಮೂಲಕ, ಆಮೇಲೆ 1830ರ ಪ್ಯಾರಿಸ್ ಆಪೆರಾದ ಮೂಲಕ, ಕಲ್ಪನೆಯ ವೇಷವನ್ನು ತೊಟ್ಟು ನಿಂತಿತ್ತು. ನಿಜವಾದ ನರ್ತಕಿಯರನ್ನು ಕಣ್ಣಾರೆ ಕಂಡಮೇಲೆ ಆ ಕಲ್ಪನೆಯು ತನ್ನನ್ನು ತಿದ್ದಿಕೊಂಡಿತೆ ಎಂದರೆ, ಇಲ್ಲ. ಮೇಳವು ಹೋಯಿತು, ವೇಷವು ಉಳಿಯಿತು. ಮೂವತ್ತೊಂಬತ್ತು ವರುಷಗಳ ತರುವಾಯ, 1877ರಲ್ಲಿ, ರಷ್ಯಾದ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಫ್ರೆಂಚನೇ ಆದ ಒಬ್ಬ ನೃತ್ಯಾಚಾರ್ಯನು ‘ಲಾ ಬಯಾದೇರ್’ ಎಂಬ ಬ್ಯಾಲೆಯನ್ನು ರಂಗಕ್ಕೆ ತಂದನು. ಇಂದಿಗೂ ಲೋಕದ ದೊಡ್ಡ ನಾಟಕಶಾಲೆಗಳಲ್ಲೆಲ್ಲ ಅದು ನಡೆಯುತ್ತಿದೆ. ಅವನ ಹೆಸರು ಮಾರಿಯಸ್ ಪೆಟಿಪಾ.

ಈ ಕೃತಿಯಲ್ಲಿ ಬರುವ ಭರತಖಂಡವನ್ನು ಕಂಡು ನಗದಿರುವುದು ಇಲ್ಲಿಯ ವಾಚಕರಿಗೆ ಕಷ್ಟ. ಆದರೂ ಇದೇ ಕೃತಿಯ ನಡುವೆ ಇಪ್ಪತ್ತು ನಿಮಿಷಗಳಷ್ಟು ಹೊತ್ತು ನಡೆಯುವ ಒಂದು ನೃತ್ತವಿದೆ. ಅದರ ಮುಂದೆ ನಗೆಯು ತಾನಾಗಿ ನಿಲ್ಲುತ್ತದೆ. ಒಬ್ಬನೇ ಮನುಷ್ಯನ ಕೈಯಿಂದ ಇಷ್ಟು ಹುಸಿಯೂ ಇಷ್ಟು ನಿಜವೂ ಒಂದೇ ಸಂಜೆಯಲ್ಲಿ ಹೇಗೆ ಹೊರಟಿತೆಂಬುದೇ ಪೆಟಿಪಾನ ವಿಚಾರದಲ್ಲಿ ಕೇಳತಕ್ಕ ಪ್ರಶ್ನೆ.

ಅವನು ಹುಟ್ಟಿದ್ದು ಮಾರ್ಸೇಲ್ಸ್ ನಗರದಲ್ಲಿ, 1818ನೆಯ ಇಸವಿ ಮಾರ್ಚಿ 11ರಂದು. ತಂದೆ ನೃತ್ಯಾಚಾರ್ಯ, ತಾಯಿ ಗಂಭೀರ ನಾಟಕಗಳ ನಟಿ. ರಂಗಭೂಮಿಯೇ ಅವನ ತೊಟ್ಟಿಲು ಎನ್ನಬಹುದು. ಅಣ್ಣ ಲೂಸಿಯೆನ್ ರೂಪವಂತನಾದ ನಟ. 1841ರಲ್ಲಿ ಗೋತಿಯೇ ಕಥೆಯನ್ನು ಹೆಣೆದ ‘ಜಿಸೆಲ್’ ಬ್ಯಾಲೆಯ ಮೊದಲ ಪ್ರಯೋಗದಲ್ಲಿ ನಾಯಕನಾಗಿ ಕುಣಿದವನು ಅವನೇ. ತಮ್ಮನಿಗೆ ಅಷ್ಟು ಭಾಗ್ಯವಿರಲಿಲ್ಲ. ನಾಂತ್, ಬೋರ್ದೋ, ಅಮೆರಿಕೆಗೆ ಹೋಗಿ ನಷ್ಟಪಟ್ಟು ಬಂದ ಒಂದು ಪ್ರವಾಸ, ಮ್ಯಾಡ್ರಿಡ್ಡಿನಲ್ಲಿ ಕೆಲವು ವರುಷ, ಅಲ್ಲಿ ಒಂದು ಪ್ರಣಯಪ್ರಸಂಗದ ದೆಸೆಯಿಂದ ಊರು ಬಿಡಬೇಕಾದ ಪ್ರಮೇಯ, ಹೀಗೆ ಅಲೆದಲೆದು 1847ರಲ್ಲಿ ರಷ್ಯಾದ ಚಕ್ರವರ್ತಿಯ ನಾಟಕಶಾಲೆಯಲ್ಲಿ ನರ್ತಕನಾಗಿ ಉದ್ಯೋಗಕ್ಕೆ ಸೇರಿದನು. ಒಂದು ವರುಷದ ಕರಾರಿನ ಮೇಲೆ ಬಂದವನು ಅರವತ್ತು ವರುಷ ಆ ದೇಶದಲ್ಲಿಯೇ ನಿಂತನು. ರಷ್ಯದ ಭಾಷೆಯನ್ನು ಮಾತ್ರ ಅವನು ಕೊನೆಯತನಕ ಸರಿಯಾಗಿ ಕಲಿಯಲಿಲ್ಲ. ಅವನ ಹರಕುಮುರುಕು ಮಾತನ್ನು ಅನುಕರಿಸಿ ನಗಿಸುವುದು ಶಿಷ್ಯರಲ್ಲಿ ಒಂದು ವಿನೋದವಾಗಿತ್ತು.

ಬಂದ ಕೂಡಲೇ ಅವನಿಗೆ ಅಧಿಕಾರ ದೊರೆಯಲಿಲ್ಲ. ಮೊದಲು ಜೂಲ್ ಪೆರೋ ಎಂಬ ಮಹಾನರ್ತಕನ ಕೈಕೆಳಗೆ, ಆಮೇಲೆ ಸೇಂಟ್ ಲೆಯೋನನ ಕೈಕೆಳಗೆ, ಇಪ್ಪತ್ತಕ್ಕೂ ಹೆಚ್ಚು ವರುಷ ಅವನು ಎರಡನೆಯವನಾಗಿಯೇ ಇದ್ದನು. ಪೆರೋ ಕಥೆಯನ್ನು ಅಭಿನಯದಲ್ಲಿ ಹೇಳುವುದರಲ್ಲಿ ನಿಪುಣ; ಸೇಂಟ್ ಲೆಯೋನನು ಒಬ್ಬೊಬ್ಬ ನರ್ತಕಿಗೂ ಒಪ್ಪುವಂತೆ ಕಿರಿನೃತ್ತಗಳನ್ನು ಕಟ್ಟುವುದರಲ್ಲಿ ನಿಪುಣ. ಈ ಇಬ್ಬರನ್ನೂ ಹತ್ತಿರದಿಂದ ನೋಡುತ್ತ ಅವನು ಕಾದನು. ಕಾಯುವುದೂ ಒಂದು ಶಿಕ್ಷಣವೆಂದು ಅವನಂಥವರ ವಿಷಯದಲ್ಲಿ ಹೇಳಬೇಕು. 1862ರಲ್ಲಿ ‘ಫೆರೋವಿನ ಮಗಳು’ ಎಂಬ ಈಜಿಪ್ಟಿನ ಕಥೆಯ ಮಹಾಬ್ಯಾಲೆಯನ್ನು ಆರೇ ವಾರಗಳಲ್ಲಿ ಸಿದ್ಧಗೊಳಿಸಿಕೊಟ್ಟಾಗ ಅವನ ಸಾಮರ್ಥ್ಯವು ಎಲ್ಲರಿಗೂ ತಿಳಿಯಿತು. 1870ರಲ್ಲಿ ಸೇಂಟ್ ಲೆಯೋನನು ತೀರಿಕೊಂಡನು. ಮರುವರುಷ ಮುಖ್ಯ ನೃತ್ಯಾಚಾರ್ಯನ ಪದವಿ ಪೆಟಿಪಾನಿಗೆ ಬಂದಿತು. ಆಗ ಅವನಿಗೆ ಐವತ್ತಮೂರು ವರುಷ. ಅವನ ಉತ್ತಮ ಕೃತಿಗಳೆಲ್ಲ ಈಚಿನವು. ‘ನಿದ್ರಾಸುಂದರಿ’ಯಂತೂ ಎಪ್ಪತ್ತು ದಾಟಿದ ಮುದುಕನ ಕೆಲಸ.

ಆ ಪದವಿ ಎಂಥದೆಂಬುದನ್ನು ತಿಳಿಯದೆ ಅವನ ಗುಣದೋಷಗಳನ್ನು ತೂಗುವುದು ನ್ಯಾಯವಲ್ಲ. ರಷ್ಯಾದ ನಾಟಕಶಾಲೆ ಅರಮನೆಯ ಒಂದು ಇಲಾಖೆ. ನರ್ತಕಿಯರು ಬಾಲ್ಯದಿಂದಲೇ ಚಕ್ರವರ್ತಿಯ ಖರ್ಚಿನಲ್ಲಿ ಶಾಲೆಯಲ್ಲಿ ಬೆಳೆದು, ಸಂಬಳಕ್ಕೆ ಸೇರಿ, ವಿಶ್ರಾಂತಿವೇತನ ಪಡೆಯುವವರು. ಮುಂದಿನ ಸಾಲುಗಳಲ್ಲಿ ಕುಳಿತ ದೊಡ್ಡ ಅಧಿಕಾರಿಗಳಿಗೂ ಶ್ರೀಮಂತರಿಗೂ ತಮ್ಮ ತಮ್ಮ ಮೆಚ್ಚಿನ ನರ್ತಕಿಯರು ಇದ್ದರು. ಹೀಗಿರಲಾಗಿ ಆಚಾರ್ಯನು ಪ್ರತಿ ಕೃತಿಯಲ್ಲಿಯೂ ಒಂದು ಮೆರವಣಿಗೆ, ಒಂದು ಉತ್ಸವ, ನಾಲ್ಕಾರು ದೇಶಗಳ ಕುಣಿತ, ಪ್ರಧಾನ ನರ್ತಕಿಗೆ ಒಂಟಿನೃತ್ತ, ಅವಳ ಪ್ರತಿಸ್ಪರ್ಧಿಗೆ ಮತ್ತೊಂದು, ಇಷ್ಟನ್ನು ಕೊಡಲೇಬೇಕು. ಕಥೆಗೆ ಅದು ಬೇಕೆ ಬೇಡವೆ ಎಂದು ಯಾರೂ ಕೇಳುವುದಿಲ್ಲ. ಪೆಟಿಪಾನು ಇದನ್ನು ಪ್ರತಿಭಟಿಸಲಿಲ್ಲ. ಸೇವಕನಾಗಿ ನಡೆದನು. ಐವತ್ತಕ್ಕೂ ಮೇಲ್ಪಟ್ಟ ಅವನ ಸ್ವಂತ ಬ್ಯಾಲೆಗಳಲ್ಲಿ ಬಹುಪಾಲು ಇಂದು ಹೆಸರಷ್ಟೇ ಆಗಿ ಉಳಿದಿರುವುದಕ್ಕೆ ಈ ಸೇವಕತನವೇ ಕಾರಣವೆಂದು ಹೇಳಿದರೆ ತಪ್ಪಾಗದು.

ಕೆಲಸ ಮಾಡುವ ಅವನ ಕ್ರಮ ಮಾತ್ರ ಸೇವಕನದಲ್ಲ. ಮನೆಯಲ್ಲಿ ಮೇಜಿನ ಮೇಲೆ ಕಾಗದದ ಸಣ್ಣ ಬೊಂಬೆಗಳನ್ನು ಇಟ್ಟುಕೊಂಡು, ಅವುಗಳನ್ನು ಸರಿಸಿ ಸರಿಸಿ, ರಂಗದ ಮೇಲೆ ಸಮೂಹವು ನಿಲ್ಲುವ ಸಾಲು, ಒಡೆಯುವ ಎಡೆ, ಕೂಡುವ ವೃತ್ತ ಎಲ್ಲವನ್ನೂ ಗೊತ್ತುಮಾಡಿ ಬರೆದಿಡುತ್ತಿದ್ದನು. ಅಭ್ಯಾಸಶಾಲೆಗೆ ಬರುವಾಗ ಯಾವ ಸಂಶಯವೂ ಉಳಿದಿರುತ್ತಿರಲಿಲ್ಲ. ಅವನ ಕಾಲಕ್ಕೆ ಮುಂಚೆ ಸಮೂಹವೆಂದರೆ ಪ್ರಧಾನ ನರ್ತಕಿಯ ಹಿಂದಣ ಪರದೆ. ಅವನು ಆ ಪರದೆಗೆ ಜೀವ ಕೊಟ್ಟನು. ರಂಗವನ್ನು ಮೇಲಿನಿಂದ ನೋಡುವ ಕಣ್ಣು ಅವನದು. ರಂಗೋಲಿಯ ಚುಕ್ಕಿಗಳನ್ನು ಇಟ್ಟು ಗೆರೆಯೆಳೆಯುವವರಿಗೆ ಈ ಕಣ್ಣು ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ‘ಲಾ ಬಯಾದೇರ್’. ಕಥೆ ಇಷ್ಟು: ನಿಕಿಯಾ ಎಂಬ ದೇವಾಲಯದ ನರ್ತಕಿಯೂ ಸೋಲೋರ್ ಎಂಬ ವೀರನೂ ಪವಿತ್ರಾಗ್ನಿಯ ಮುಂದೆ ಆಣೆಯಿಟ್ಟು ಪ್ರೀತಿಸುತ್ತಾರೆ. ದೇವಾಲಯದ ಮಹಾಬ್ರಾಹ್ಮಣನಿಗೂ ಅವಳ ಮೇಲೆ ಮೋಹ. ಗೋಲ್ಕೊಂಡದ ರಾಜನು ತನ್ನ ಮಗಳಾದ ಗಮ್ಜಾತ್ತಿಯನ್ನು ಸೋಲೋರನಿಗೆ ಕೊಡಲು ನಿಶ್ಚಯಿಸುತ್ತಾನೆ. ಅವನು ತಲೆ ಬಾಗಿಸಿ ಒಪ್ಪುತ್ತಾನೆ. ಉತ್ಸವದಲ್ಲಿ ಕುಣಿಯುವ ನಿಕಿಯಾಳಿಗೆ ಹೂಬುಟ್ಟಿಯೊಳಗೆ ಹಾವನ್ನು ಅಡಗಿಸಿ ಕೊಡುತ್ತಾರೆ. ಹಾವು ಕಚ್ಚುತ್ತದೆ. ಬ್ರಾಹ್ಮಣನು ವಿಷಹರವಾದ ಔಷಧವನ್ನು ಹಿಡಿದು, ತನ್ನವಳಾದರೆ ಬದುಕಿಸುವೆನೆನ್ನುತ್ತಾನೆ. ಅವಳು ಸೋಲೋರನ ಕಡೆ ನೋಡುತ್ತಾಳೆ. ಅವನು ರಾಜಪುತ್ರಿಯ ಪಕ್ಕದಲ್ಲಿದ್ದಾನೆ. ಔಷಧವನ್ನು ಬಿಟ್ಟು ಸಾಯುತ್ತಾಳೆ. ಸೋಲೋರನು ದುಃಖವನ್ನು ಮರೆಯಲು ಅಫೀಮು ಸೇದಿ ಮಲಗುತ್ತಾನೆ; ಕನಸಿನಲ್ಲಿ ನೆರಳುಗಳ ರಾಜ್ಯವನ್ನು ಕಾಣುತ್ತಾನೆ. ಎಚ್ಚತ್ತಮೇಲೆ ರಾಜಪುತ್ರಿಯೊಡನೆ ಮದುವೆ. ನಿಕಿಯಾಳ ನೆರಳು ವಧೂವರರ ನಡುವೆ ಸುಳಿಯುತ್ತದೆ. ದೇವತೆಗಳ ಕೋಪದಿಂದ ದೇವಾಲಯವು ಕುಸಿದು ಎಲ್ಲರೂ ಮಡಿಯುತ್ತಾರೆ.

ಇದರಲ್ಲಿ ಬರುವ ಹೆಸರುಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ರಾಜನ ಹೆಸರು ದುಗ್ಮಂತ. ರಾಜಪುತ್ರಿ ಗಮ್ಜಾತ್ತಿ. ಫಕೀರನೊಬ್ಬನ ಹೆಸರು ಮಗ್ದವೇಯ. ಕಾಳಿದಾಸನ ಬಲ್ಲವರಿಗೆ ಇವರು ಅಪರಿಚಿತರಲ್ಲ: ದುಷ್ಯಂತ, ಹಂಸವತಿ, ವಿದೂಷಕನಾದ ಮಾಧವ್ಯ! ಇವರು ಇಲ್ಲಿಗೆ ಬಂದ ದಾರಿಯೂ ಗೊತ್ತಿದೆ. ತಿರುವೆಂದಿಪುರದ ನರ್ತಕಿಯರನ್ನು ಮೆಚ್ಚಿದ ಅದೇ ಗೋತಿಯೇ ‘ಶಾಕುಂತಲ’ದ ಕಥೆಯನ್ನು ಬ್ಯಾಲೆಗೆ ಅಳವಡಿಸಿದನು, 1858ರಲ್ಲಿ ಪ್ಯಾರಿಸಿನಲ್ಲಿ ಅದನ್ನು ರಂಗಕ್ಕೆ ತಂದವನು ಲೂಸಿಯೆನ್ ಪೆಟಿಪಾ. ಅಣ್ಣನ ಕೃತಿಯಿಂದ ತಮ್ಮನು ಹೆಸರುಗಳನ್ನೂ ಕಥೆಯ ಕೆಲವು ಎಳೆಗಳನ್ನೂ ಎತ್ತಿಕೊಂಡನು. ಕನ್ನಡದಲ್ಲಿ ಬಸವಪ್ಪ ಶಾಸ್ತ್ರಿಗಳು ‘ಶಾಕುಂತಲ’ವನ್ನು ಕಂದವೃತ್ತಗಳಲ್ಲಿ ನುಡಿಸಿದ ಶತಮಾನದಲ್ಲಿಯೇ, ದುಷ್ಯಂತನು ಎತ್ತಲೋ ಹಿಮದ ನಾಡಿನಲ್ಲಿ ಗೋಲ್ಕೊಂಡದ ಸುಲ್ತಾನನಂತೆ ಪೇಟ ಸುತ್ತಿ ನಿಂತಿದ್ದನು. ಹೆಸರುಗಳ ಗತಿಯೇ ಹೀಗಾದರೆ ಉಳಿದುದರ ಮಾತೇನು? ಉತ್ಸವದಲ್ಲಿ ತಲೆಯ ಮೇಲೆ ಕೊಡವನ್ನಿಟ್ಟುಕೊಂಡು ಒಬ್ಬಳು ಕುಣಿಯುತ್ತಾಳೆ. ಅದಕ್ಕೆ ‘ಮನು’ ನೃತ್ಯವೆಂದು ಹೆಸರು! ಧರ್ಮಶಾಸ್ತ್ರಕಾರನಿಗೂ ಹಾಲಿನ ಕೊಡಕ್ಕೂ ಏನು ನಂಟೆಂಬುದನ್ನು ಊಹಿಸುವುದು ಕಷ್ಟ.

ಹೆಸರುಗಳ ತಪ್ಪನ್ನು ಕ್ಷಮಿಸಬಹುದು; ಕವಿಸಮಯವೆಂದು ಬಿಡಬಹುದು. ಕ್ಷಮಿಸಲಾಗದ್ದು ಬೇರೆ. ಕಾಳಿದಾಸನ ದುಷ್ಯಂತನು ಕೈಹಿಡಿದವಳನ್ನು ಮರೆಯುವುದು ದುರ್ವಾಸನ ಶಾಪದಿಂದ. ಶಾಪವಿಲ್ಲದಿದ್ದರೆ ಅವನು ನಾಯಕನಾಗಿ ನಿಲ್ಲಲಾರನೆಂಬುದು ಕವಿಗೆ ಗೊತ್ತಿತ್ತು. ಸೋಲೋರನಿಗೆ ಶಾಪವಿಲ್ಲ. ಅಗ್ನಿಸಾಕ್ಷಿಯಾಗಿ ಆಡಿದ ಮಾತನ್ನು ಅವನು ಎಚ್ಚರದಲ್ಲಿದ್ದೇ ಬಿಡುತ್ತಾನೆ. ಕಾರಣ, ರಾಜನಿಗೆ ಇಲ್ಲವೆನ್ನುವ ಧೈರ್ಯವಿಲ್ಲ. ಉಂಗುರವು ಬರಬೇಕಾದ ಎಡೆಯಲ್ಲಿ ಅಫೀಮು ಬಂದಿದೆ. ಇಂಥವನಿಗಾಗಿ ಒಬ್ಬ ಹೆಣ್ಣು ಜೀವವನ್ನು ಬಿಟ್ಟಳೆಂದರೆ ನೋಡುವವರ ಮರುಕವು ಅವಳಿಗೆ ಸಲ್ಲುತ್ತದೆ. ಅವರಿಬ್ಬರ ಪ್ರೇಮಕ್ಕೆ ಸಲ್ಲುವುದಿಲ್ಲ. ಶೃಂಗಾರಕ್ಕೆ ಆಲಂಬನವೇ ಕುಸಿದುಹೋಗಿದೆ. ಇದು ಪರದೇಶಿಯ ಅಜ್ಞಾನದಿಂದ ಬಂದ ದೋಷವಲ್ಲ, ನಾಟಕಕಾರನ ದೋಷ. ಪೆಟಿಪಾನಿಗೆ ಪಾತ್ರವನ್ನು ಕಟ್ಟುವುದರಲ್ಲಿ ಆಸಕ್ತಿ ಕಡಿಮೆಯಾಗಿತ್ತೆಂಬುದಕ್ಕೆ ಇನ್ನೊಂದು ಗುರುತೂ ಉಂಟು: ಮೊದಲ ಪ್ರಯೋಗದಲ್ಲಿ ಸೋಲೋರನ ಪಾತ್ರ ಬರಿಯ ಅಭಿನಯದ ಪಾತ್ರ, ಕುಣಿಯಬೇಕಾದಲ್ಲಿ ಬೇರೊಬ್ಬನು ಬಂದು ಕುಣಿದು ಹೋಗುತ್ತಿದ್ದನು. ಆ ಸೋಲೋರನಾಗಿ ನಿಂತವನು ಲೆವ್ ಇವಾನೊವ್. ಅವನ ಮಾತು ಮುಂದೆ ಬರುತ್ತದೆ.

ಇಷ್ಟೆಲ್ಲ ಆದಮೇಲೆ ಪರದೆ ಎದ್ದರೆ, ನೆರಳುಗಳ ರಾಜ್ಯ. ಕತ್ತಲೆಯ ರಂಗದ ಹಿಂಬದಿಯಲ್ಲಿ ಇಳಿಜಾರಾದ ಒಂದು ಹಾದಿ. ಬಿಳಿಯ ಉಡುಗೆಯ ನರ್ತಕಿಯೊಬ್ಬಳು ಅದರ ತುದಿಯಲ್ಲಿ ತೋರುತ್ತಾಳೆ. ಒಂದು ಕಾಲ ಮೇಲೆ ನಿಂತು, ಇನ್ನೊಂದನ್ನು ಹಿಂದಕ್ಕೆ ನೀಳವಾಗಿ ಚಾಚಿ, ಮುಂದಕ್ಕೆ ಬಾಗುತ್ತಾಳೆ. ನೆಟ್ಟಗಾಗಿ ತೋಳೆತ್ತಿ ಹಿಂದಕ್ಕೆ ಒರಗುತ್ತಾಳೆ. ಎರಡು ಹೆಜ್ಜೆ ನಡೆಯುತ್ತಾಳೆ. ಅಷ್ಟೆ. ಅವಳು ಅದನ್ನೇ ಮತ್ತೆ ಮಾಡುವಾಗ ಅವಳ ಹಿಂದೆ ಎರಡನೆಯವಳು ಬಂದು ಅದನ್ನೇ ಮಾಡುತ್ತಾಳೆ, ಬಳಿಕ ಮೂರನೆಯವಳು. ಹಾದಿಯು ತುಂಬುತ್ತದೆ, ತಿರುಗುತ್ತದೆ, ರಂಗಕ್ಕೆ ಇಳಿಯುತ್ತದೆ. ಮೊದಲಿಗೆ ಬಂದವಳು ಅದೇ ಚಲನೆಯನ್ನು ಮೂವತ್ತಕ್ಕೂ ಮೀರಿ ಸಲ ಮಾಡಿರುತ್ತಾಳೆ. 1900ನೆಯ ಇಸವಿಯ ಪುನಃಪ್ರಯೋಗದಲ್ಲಿ ಪೆಟಿಪಾನು ಈ ನೆರಳುಗಳ ಸಂಖ್ಯೆಯನ್ನು 48ಕ್ಕೆ ಏರಿಸಿದನು. ಮೊದಲು ಬೆಳಕಿನ ಅರಮನೆಯಲ್ಲಿ ನಡೆಯುತ್ತಿದ್ದ ಈ ಅಂಕವನ್ನು ಹಿಮಾಲಯದ ಇರುಳಿಗೆ ಸಾಗಿಸಿದವನೂ ಅವನೇ. ಡಾಂಟೆಯ ಕಾವ್ಯಕ್ಕೆ ಗುಸ್ತಾವ್ ದೊರೇ ಬರೆದ ಚಿತ್ರಗಳಿಂದ ಈ ಇಳಿಯುವ ಸಾಲು ಅವನಿಗೆ ಹೊಳೆಯಿತೆಂದು ಹೇಳುವುದುಂಟು. ಈಗ 32 ಇಲ್ಲವೆ 24 ಮಂದಿಯಲ್ಲಿ ನಡೆಯುತ್ತದೆ. ಒಬ್ಬಳ ಕಾಲು ನಡುಗಿದರೂ ಇಡೀ ಸಾಲು ಕೆಡುತ್ತದೆ. ಲೋಕದ ಯಾವ ಮೇಳದ ಶಿಕ್ಷಣವನ್ನಾದರೂ ಒರೆಗೆ ಹಚ್ಚಿ ನೋಡಲು ಇದಕ್ಕಿಂತ ನಿರ್ದಯವಾದ ಕಲ್ಲಿಲ್ಲ.

ಇಲ್ಲಿ ಅಭಿನಯವಿಲ್ಲ. ಕಥೆಯು ಒಂದಂಗುಲವೂ ಮುಂದೆ ಸಾಗುವುದಿಲ್ಲ. ನರ್ತಕಿಯರ ಮುಖದಲ್ಲಿ ಭಾವವಿರಕೂಡದೆಂದೇ ನಿಯಮ. ಹಾಗಿದ್ದೂ ನೋಡುವವರ ಗಂಟಲು ಬಿಗಿಯುತ್ತದೆ. ಇದು ಹೇಗೆ? ಈ ಪ್ರಶ್ನೆ ಭರತಮುನಿಯಷ್ಟು ಹಳೆಯದು. ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ ಋಷಿಗಳು ಅದನ್ನೇ ಕೇಳುತ್ತಾರೆ: ಅಭಿನಯವು ಅರ್ಥವನ್ನು ತಿಳಿಸುವುದಕ್ಕಾಗಿ ಇದೆ, ಸರಿ; ಗೀತದ ಅರ್ಥಕ್ಕೆ ಸಂಬಂಧವಿಲ್ಲದ ಈ ನೃತ್ತವೇತಕ್ಕೆ? ಮುನಿಯ ಉತ್ತರ ಆಶ್ಚರ್ಯಕರವಾಗಿದೆ: ಅದಕ್ಕೆ ಬೇರೆ ಪ್ರಯೋಜನವಿಲ್ಲ, ಶೋಭೆಯನ್ನುಂಟುಮಾಡುತ್ತದೆಂದು ಅದು ಹುಟ್ಟಿತು ಎಂದು. ಮುಂದೆ ಧನಂಜಯನು ‘ದಶರೂಪಕ’ದಲ್ಲಿ ಭಾವವನ್ನು ಆಶ್ರಯಿಸಿದುದು ನೃತ್ಯ, ತಾಳಲಯಗಳನ್ನು ಆಶ್ರಯಿಸಿದುದು ನೃತ್ತ ಎಂದು ಗೆರೆಯೆಳೆದನು. ಈ ಗೆರೆಯನ್ನು ಒಪ್ಪಿಕೊಂಡು ಪೆಟಿಪಾನ ಬ್ಯಾಲೆಯನ್ನು ನೋಡಿದರೆ, ಅವನ ಅಂಕಗಳು ಸುಲಭವಾಗಿ ಎರಡು ಪಾಲಾಗುತ್ತವೆ: ಕೈಬಾಯಿಗಳ ಸನ್ನೆಯಿಂದ ಕಥೆ ಹೇಳುವ ಭಾಗ ಒಂದು, ಕಥೆ ನಿಂತು ಕುಣಿತ ನಡೆಯುವ ಭಾಗ ಒಂದು. ಅವನ ಕಾಲದ ವಿಮರ್ಶಕರೂ ಅನಂತರದ ಸುಧಾರಕರೂ ಎರಡನೆಯದನ್ನು ಬರಿಯ ಅಲಂಕಾರವೆಂದು ಹಳಿದರು.

ನೆರಳುಗಳ ಅಂಕವು ಈ ಆಕ್ಷೇಪಣೆಗೆ ಉತ್ತರ. ಸತ್ತವಳ ನೆನಪು ಮನಸ್ಸಿಗೆ ಬರುವ ರೀತಿ ಎಂಥದು? ಒಮ್ಮೆ ಬಂದು ಮುಗಿಯುವುದಿಲ್ಲ. ಅದೇ ಮುಖ, ಅದೇ ನಡೆ, ಅದೇ ಬಾಗು, ಮತ್ತೆ ಮತ್ತೆ ಬರುತ್ತದೆ, ತಡೆಯಲಾಗದು. ಸೋಲೋರನ ಕಣ್ಣಿಗೆ ಒಬ್ಬ ನಿಕಿಯಾ ಮೂವತ್ತೆರಡು ನಿಕಿಯಾಗಳಾಗಿ ಇಳಿದು ಬರುತ್ತಾಳೆ. ವಿಪ್ರಲಂಭವನ್ನು ವರ್ಣಿಸಿದ ಕವಿಗಳು ಮಾತಿನಿಂದ ಸಾಧಿಸಿದುದನ್ನು ಇಲ್ಲಿ ಲೆಕ್ಕವೊಂದೇ ಸಾಧಿಸಿದೆ. ಪುನರುಕ್ತಿಯೇ ಇಲ್ಲಿ ಭಾವ. ತಾಳಲಯಗಳನ್ನಲ್ಲದೆ ಬೇರೊಂದನ್ನು ಆಶ್ರಯಿಸದೆ ನೃತ್ತವು ರಸಕ್ಕೆ ದಾರಿಯಾಯಿತು. ‘ದಶರೂಪಕ’ದ ಗೆರೆಯು ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ, ಗೆರೆಯ ಎರಡು ಬದಿಯ ನಡುವೆ ಬಾಗಿಲಿದೆ ಎಂಬುದಷ್ಟೇ ಸಿದ್ಧವಾಗುತ್ತದೆ. ಗುಣವಂತನಾದ ಸಂಗೀತಗಾರನ ನೆರವೂ ಇಲ್ಲದೆ, ಮಿಂಕುಸ್ ಎಂಬವನ ಸಾಧಾರಣವಾದ ಮಟ್ಟನ್ನು ಇಟ್ಟುಕೊಂಡು ಪೆಟಿಪಾನು ಇದನ್ನು ಮಾಡಿದನೆಂಬುದನ್ನೂ ಮರೆಯತಕ್ಕದ್ದಲ್ಲ.

ಇದರ ಮೂಲವು ‘ಜಿಸೆಲ್’ನ ಎರಡನೆಯ ಅಂಕ ಎನ್ನುವವರಿದ್ದಾರೆ. ಅಲ್ಲಿಯೂ ವಂಚಿತಳಾಗಿ ಸತ್ತ ಹೆಣ್ಣು, ಬಿಳಿಯ ಉಡುಗೆಯ ಪ್ರೇತಗಳ ಸಮೂಹ. ಮೂಲವೆಂಬುದು ನಿಜ. ಆದರೆ ಆ ಪ್ರೇತಗಳಿಗೆ ಸೇಡಿನ ಹಂಬಲವಿದೆ, ನಾಯಕನನ್ನು ಕುಣಿಸಿ ಕುಣಿಸಿ ಕೊಲ್ಲಬೇಕೆಂಬ ಉದ್ದೇಶವಿದೆ. ನೆರಳುಗಳಿಗೆ ಯಾವ ಉದ್ದೇಶವೂ ಇಲ್ಲ. ಅವು ಬರುತ್ತವೆ, ಅಷ್ಟೆ.

ಅದೇ 1877ರಲ್ಲಿ, ‘ಲಾ ಬಯಾದೇರ್’ ನಡೆದ ಒಂದು ತಿಂಗಳೊಳಗೆ, ಮಾಸ್ಕೋ ನಗರದಲ್ಲಿ ಚೈಕೋವ್ಸ್ಕಿಯ ‘ಹಂಸಸರೋವರ’ವು ಬೇರೊಬ್ಬ ಆಚಾರ್ಯನ ಕೈಯಲ್ಲಿ ಸಪ್ಪೆಯಾಗಿ ನಡೆದು ಹೋಯಿತು. ಮಹಾಸಂಗೀತಗಾರನೂ ಮಹಾನೃತ್ಯಾಚಾರ್ಯನೂ ಒಂದುಗೂಡಲು ಇನ್ನೂ ಹದಿಮೂರು ವರುಷ ಬೇಕಾಯಿತು. ಕೂಡಿಸಿದವನು ನಾಟಕಶಾಲೆಗಳ ನಿರ್ದೇಶಕನಾದ ವ್ಸೆವೊಲೋಜ್‌ಸ್ಕಿ. 1890ರ ಜನವರಿಯಲ್ಲಿ ಮರೀಯಿನ್ಸ್ಕಿ ನಾಟಕಶಾಲೆಯಲ್ಲಿ ‘ನಿದ್ರಾಸುಂದರಿ’ಯ ಮೊದಲ ಪ್ರಯೋಗವಾಯಿತು. ಈ ಕೃತಿಗಾಗಿ ಪೆಟಿಪಾನು ಚೈಕೋವ್ಸ್ಕಿಗೆ ಬರೆದುಕೊಟ್ಟ ಟಿಪ್ಪಣಿಗಳು ಉಳಿದುಬಂದಿವೆ. ಇಲ್ಲಿ ಇಷ್ಟು ಆವರ್ತ, ಇಂಥ ಕಾಲಪ್ರಮಾಣ, ಇಲ್ಲಿ ರಾಜಪುತ್ರಿಯು ಕದಿರನ್ನು ಹಿಡಿಯುತ್ತಾಳೆ, ಇಲ್ಲಿ ಅಂಜಿಕೆ, ಇಲ್ಲಿ ಮೌನ, ಎಂದು ದರ್ಜಿಯು ಅಳತೆ ಬರೆದಂತೆ ಬರೆದಿದ್ದಾನೆ. ಪ್ರತಿಭಾವಂತನಾದ ಸಂಗೀತಗಾರನಿಗೆ ಇದು ಅವಮಾನವೆಂದು ಮೇಲುನೋಟಕ್ಕೆ ತೋರುವುದು. ಚೈಕೋವ್ಸ್ಕಿಗೆ ಹಾಗೆ ತೋರಲಿಲ್ಲ. ಛಂದಸ್ಸಿನ ಕಟ್ಟಿಗೆ ಸಿಕ್ಕಿ ಕವಿಯ ಮಾತು ಕಾವೇರುವಂತೆ ಆ ಅಳತೆಯೊಳಗೆ ಅವನ ಸಂಗೀತವು ಎತ್ತರಕ್ಕೆ ಏರಿತು. ಅಂತಿಮ ಅಭ್ಯಾಸವನ್ನು ನೋಡಿದ ಚಕ್ರವರ್ತಿ ಮೂರನೆಯ ಅಲೆಕ್ಸಾಂಡರನು ಚೆನ್ನಾಗಿದೆಯೆಂದು ಒಂದು ಮಾತು ಹೇಳಿ ಹೋದದ್ದರಿಂದ ಸಂಗೀತಗಾರನಿಗೆ ಬೇಸರವಾಯಿತಂತೆ. ಅರಸರ ಮೆಚ್ಚಿಕೆಯ ಬೆಲೆ ಇಷ್ಟೇ.

ಈ ಕೃತಿಯಲ್ಲಿ ಪೆಟಿಪಾನ ಸೇವಕತನವೂ ಕಲೆಯೂ ಮೊದಲ ಬಾರಿಗೆ ಜಗಳವಾಡದೆ ಒಂದಾಗಿವೆ. ಕಥೆಯೇ ಅರಮನೆಯ ಕಥೆ; ಹುಟ್ಟುಹಬ್ಬ, ಮದುವೆ, ಮೆರವಣಿಗೆ ಇಲ್ಲಿ ಹೊರಗಿನಿಂದ ತಂದು ಅಂಟಿಸಿದವಲ್ಲ. ರಾಜಪುತ್ರಿ ಆರೋರಾ ನಾಲ್ವರು ರಾಜಕುಮಾರರ ಕೈಯನ್ನು ಒಂದೊಂದಾಗಿ ಹಿಡಿದು ಬಿಟ್ಟು, ಒಂದೇ ಕಾಲಿನ ಬೆರಳ ತುದಿಯ ಮೇಲೆ ತಾನೇ ನಿಲ್ಲುವ ಎಡೆಯನ್ನು ನೋಡಬೇಕು. ಕೈ ಬಿಟ್ಟ ಆ ಒಂದೆರಡು ಕ್ಷಣಗಳಲ್ಲಿ ಹದಿನಾರರ ಹುಡುಗಿಯ ಧೈರ್ಯವೂ ಅಪಾಯವೂ ಒಟ್ಟಿಗೆ ಕಾಣುತ್ತವೆ. ನರ್ತಕಿಗೆ ಬೀಳುವ ಭಯ ನಿಜವಾದದ್ದು. ಅದನ್ನೇ ಪಾತ್ರದ ಭಾವವಾಗಿ ಮಾಡಿಕೊಂಡಿದ್ದಾನೆ ಮುದುಕ.

‘ಹಂಸಸರೋವರ’ದ ವಿಷಯದಲ್ಲಿ ಮಾತ್ರ ನ್ಯಾಯವಾಗಿ ನಡೆಯಬೇಕು. 1895ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಅದು ಹೊಸದಾಗಿ ನಡೆದಾಗ ಅರಮನೆಯ ಅಂಕಗಳನ್ನು ಪೆಟಿಪಾನು ಕಟ್ಟಿದನು. ಸರೋವರದ ತೀರದ ಎರಡು ಅಂಕಗಳನ್ನು ಕಟ್ಟಿದವನು ಅವನ ಸಹಾಯಕ, ಒಂದು ಕಾಲದ ಸೋಲೋರ್, ಲೆವ್ ಇವಾನೊವ್. 1892ರ ‘ನಟ್‌ಕ್ರ್ಯಾಕರ್’ ಕೂಡ ಪೆಟಿಪಾನು ಕಾಯಿಲೆ ಬಿದ್ದುದರಿಂದ ಇವಾನೊವನ ಪಾಲಿಗೆ ಬಂದಿತ್ತು. ಲೋಕವು ಇಂದು ಹಂಸಗಳೆಂದು ಕಣ್ಣುಮುಚ್ಚಿ ನೆನೆಯುವುದು ಇವಾನೊವನ ಹಂಸಗಳನ್ನು. ಅವನು 1901ರಲ್ಲಿ ಬಡವನಾಗಿ ಸತ್ತನು. ಭಿತ್ತಿಪತ್ರಗಳಲ್ಲಿ ದೊಡ್ಡ ಹೆಸರು ಇನ್ನೊಬ್ಬನದಾಗಿತ್ತು. ಇದರಲ್ಲಿ ಪೆಟಿಪಾನ ಅಪರಾಧ ಎಷ್ಟು, ಅರಮನೆಯ ಪದ್ಧತಿಯದೆಷ್ಟು ಎಂದು ಬಿಡಿಸುವುದು ಸುಲಭವಲ್ಲವಾದರೂ, ಎರಡನೆಯವನಾಗಿ ಇಪ್ಪತ್ತು ವರುಷ ಕಾದು ನೊಂದವನು ತನ್ನ ಎರಡನೆಯವನ ನೋವನ್ನು ಅರಿಯಬಹುದಾಗಿತ್ತು.

ಅವನ ಸರದಿಯೂ ಬಂದಿತು. ‘ರೇಮಂಡಾ’ 1898ರಲ್ಲಿ ಗೆದ್ದಿತು. ಆದರೆ ಹೊಸ ನಿರ್ದೇಶಕನು ಹೊಸ ಚಿತ್ರಕಾರರನ್ನು ಮೆಚ್ಚಿದನು, ಮುದುಕನನ್ನು ಮೆಚ್ಚಲಿಲ್ಲ. 1903ರಲ್ಲಿ ‘ಮಾಯಾದರ್ಪಣ’ ಎಂಬ ಅವನ ಬ್ಯಾಲೆಯು ಪ್ರೇಕ್ಷಕರ ನಗೆಗೂ ಸಿಳ್ಳಿಗೂ ಗುರಿಯಾಯಿತು. ಎಂಬತ್ತೈದು ವರುಷದವನನ್ನು ಮೆಲ್ಲನೆ ಹೊರಕ್ಕೆ ಸರಿಸಿದರು. ಸಂಬಳವು ನಿಲ್ಲಲಿಲ್ಲ, ಕೆಲಸವು ನಿಂತಿತು. ಅವನ ದಿನಚರಿಯಲ್ಲಿಯೂ 1906ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿಯೂ ಈ ಕಹಿಯು ಕಾಣುತ್ತದೆ. ಆ ಆತ್ಮಕಥೆ ಅವನ ಕಲೆಯನ್ನು ತಿಳಿಯಲು ಬಂದವರಿಗೆ ನಿರಾಶೆಯನ್ನುಂಟುಮಾಡುವ ಪುಸ್ತಕ: ಯೌವನದ ಸಾಹಸಗಳು, ಪಡೆದ ಕಾಣಿಕೆಗಳು, ನಿರ್ದೇಶಕನ ಮೇಲಿನ ದೂರುಗಳು. ನೆರಳುಗಳು ಹೇಗೆ ಹುಟ್ಟಿದುವೆಂಬ ಮಾತು ಅಲ್ಲಿಲ್ಲ. 1910ರ ಜುಲೈ 14ರಂದು ಕ್ರೈಮಿಯದ ಗುರ್ಜುಫ್ ಎಂಬ ಊರಿನಲ್ಲಿ ಅವನು ತೀರಿಕೊಂಡನು. ಹಿಂದಿನ ವರುಷವೇ ದ್ಯಾಗಿಲೆವನ ಮೇಳವು ಪ್ಯಾರಿಸನ್ನು ಬೆರಗುಗೊಳಿಸಿತ್ತು. ಅದರ ಆಚಾರ್ಯನಾದ ಫೋಕಿನ್ ಪೆಟಿಪಾನ ಶಾಲೆಯಲ್ಲಿಯೇ ಬೆಳೆದವನು. 1914ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದ ಕಾಗದದಲ್ಲಿ ಅವನು, ಸಿದ್ಧವಾದ ಹೆಜ್ಜೆಗಳನ್ನು ಜೋಡಿಸುವ ಹಳೆಯ ಕ್ರಮ ಸಲ್ಲದು, ಕುಣಿತವು ಕಥೆಯ ಭಾವಕ್ಕೆ ಸಹಾಯವಾಗದಿದ್ದರೆ ವ್ಯರ್ಥ ಎಂದು ಸಾರಿದನು. ಬಹುಮಟ್ಟಿಗೆ ಇದು ಸರಿಯಾದ ಮಾತು. ಪೆಟಿಪಾನ ಮರೆತುಹೋದ ನಲವತ್ತು ಕೃತಿಗಳಿಗೆ ತಕ್ಕ ತೀರ್ಪು. ನೆರಳುಗಳ ಅಂಕಕ್ಕೆ ಮಾತ್ರ ಅದು ತಗಲುವುದಿಲ್ಲ.

ಕುಣಿತವು ಕುಣಿದವರೊಡನೆಯೇ ಅಳಿಯುವ ಕಲೆ. ಪೆಟಿಪಾನ ಕೃತಿಗಳು ಉಳಿದದ್ದು ಒಂದು ಲಿಪಿಯಿಂದ. ಸ್ತೆಪಾನೊವ್ ಎಂಬ ನರ್ತಕನು ಕಂಡುಹಿಡಿದ, ಸಂಗೀತದ ಗೆರೆಗಳನ್ನು ಹೋಲುವ ಆ ಲಿಪಿಯಲ್ಲಿ ಮರೀಯಿನ್ಸ್ಕಿಯ ಬ್ಯಾಲೆಗಳನ್ನು ಬರೆದಿಟ್ಟಿದ್ದರು. ಕ್ರಾಂತಿಯ ತರುವಾಯ ನಿಕೊಲಾಯ್ ಸೆರ್ಗೆಯೆವ್ ಎಂಬ ಅಧಿಕಾರಿಯು ಆ ಕಾಗದಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ದೇಶ ಬಿಟ್ಟನು. ಇಂಗ್ಲೆಂಡಿನಲ್ಲಿ ಅವುಗಳ ನೆರವಿನಿಂದ ‘ಜಿಸೆಲ್’, ‘ನಿದ್ರಾಸುಂದರಿ’ ಮುಂತಾದುವನ್ನು ಕಲಿಸಿದನು. ಅವನ ಮರಣಾನಂತರ ಅವು ಕೈ ಬದಲಾಯಿಸಿ 1969ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದುವು. ಇತ್ತ ರಷ್ಯಾದಲ್ಲಿ ‘ಲಾ ಬಯಾದೇರ್’ನ ಕೊನೆಯ ಅಂಕವು, ದೇವಾಲಯ ಕುಸಿಯುವ ಅಂಕವು, ಕ್ರಾಂತಿಯ ಅನಂತರದ ವರುಷಗಳಲ್ಲಿ ಬಿಟ್ಟುಹೋಯಿತು. ಹೀಗಾಗಿ ಅಲ್ಲಿಯ ಪ್ರೇಕ್ಷಕರಿಗೆ ಬಹುಕಾಲ ಈ ಕಥೆ ಕನಸಿನಲ್ಲಿಯೇ ಮುಗಿಯುತ್ತಿತ್ತು: ನಿಕಿಯಾ ಸತ್ತಳು, ಸೋಲೋರನು ಸೊಗಸಾದ ಕನಸನ್ನು ಕಂಡನು, ಪರದೆ ಬಿತ್ತು. ನಾಟಕಕಾರನಾಗಿ ಪೆಟಿಪಾನು ದುರ್ಬಲನೆಂಬುದು ನಿಜವಾದರೂ, ಕೊಂದವರಿಗೆ ದಂಡವಾಗದೆ ಕಥೆ ಮುಗಿಯಕೂಡದೆಂಬಷ್ಟು ಔಚಿತ್ಯವು ಅವನಿಗೆ ತಿಳಿದಿತ್ತು. 1980ರಲ್ಲಿ ನ್ಯೂಯಾರ್ಕಿನಲ್ಲಿ ನತಾಲಿಯಾ ಮಕರೋವಾ ಆ ಅಂಕವನ್ನು ತಾನೇ ಕಲ್ಪಿಸಿ ಸೇರಿಸಿದಳು. ಹಾರ್ವರ್ಡಿನ ಕಾಗದಗಳನ್ನು ಓದಿ ಮರೀಯಿನ್ಸ್ಕಿಯವರು 1999ರಲ್ಲಿ ‘ನಿದ್ರಾಸುಂದರಿ’ಯನ್ನೂ, ಆಮೇಲೆ 1900ರ ಪಾಠದ ‘ಲಾ ಬಯಾದೇರ್’ ಅನ್ನೂ ಹಳೆಯ ರೂಪದಲ್ಲಿ ಎತ್ತಿ ನಿಲ್ಲಿಸಿದರು.

ನಿಜವಾದ ದೇವದಾಸಿಯರ ಕಥೆ ಬೇರೆ ಹಾದಿಯಲ್ಲಿ ಸಾಗುತ್ತಿತ್ತು. ಪೆಟಿಪಾನ ಕೊನೆಗಾಲದಲ್ಲಿಯೇ, 1909ರಲ್ಲಿ, ಮೈಸೂರು ಸಂಸ್ಥಾನದ ಸರಕಾರವು ತನ್ನ ಆಡಳಿತದ ದೇವಾಲಯಗಳಲ್ಲಿ ಅವರ ಸೇವೆಯನ್ನು ನಿಲ್ಲಿಸಿತು. ಮದರಾಸಿನಲ್ಲಿ 1947ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯುವ ಕಾನೂನಾಯಿತು. 1902ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ನಿಕಿಯಾ ಆಗಿ ಕುಣಿದ ತರುಣಿಯೊಬ್ಬಳು ಇದ್ದಳು. ಪೆಟಿಪಾನೇ ಅವಳಿಗೆ ಪಾತ್ರವನ್ನು ಹೇಳಿಕೊಟ್ಟನು. ಅವಳು ಅನ್ನಾ ಪಾವ್ಲೋವಾ. ಇಪ್ಪತ್ತು ವರುಷ ಕಳೆದು ಅವಳು ತನ್ನ ಮೇಳದೊಡನೆ ಭರತಖಂಡಕ್ಕೆ ಬಂದಳು. ಇಲ್ಲಿಯ ನೃತ್ಯವನ್ನು ಕಾಣಬೇಕೆಂದು ಹಂಬಲಿಸಿದಳು. 1923ರಲ್ಲಿ ಲಂಡನ್ನಿನಲ್ಲಿ ಉದಯಶಂಕರರನ್ನು ಜೊತೆಗೂಡಿಸಿಕೊಂಡು ರಾಧಾಕೃಷ್ಣರ ನೃತ್ಯವನ್ನು ಕುಣಿದಳು. ಮತ್ತೊಮ್ಮೆ ಈ ಕಡೆಗೆ ಬಂದಾಗ ಅಡಯಾರಿನ ರುಕ್ಮಿಣೀದೇವಿಯವರ ಸ್ನೇಹವಾಯಿತು. ಪಾವ್ಲೋವಾಳ ಮೇಳದ ನರ್ತಕಿಯಿಂದ ರುಕ್ಮಿಣೀದೇವಿಯವರು ಬ್ಯಾಲೆಯನ್ನು ಕಲಿಯತೊಡಗಿದರು. ನಿಮ್ಮ ದೇಶದಲ್ಲಿಯೇ ಹುಡುಕಿರೆಂದು ಪಾವ್ಲೋವಾ ಅವರಿಗೆ ಸಲಹೆಯಿತ್ತಳು. ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಪಾಠವಾಗಿ, 1935ರಲ್ಲಿ ಅಡಯಾರಿನ ಆಲದ ಮರದ ನೆರಳಿನಲ್ಲಿ ಅವರ ನೃತ್ಯ ನಡೆಯಿತು.